ಗೆದ್ದ ಮಾರನೆಯ ಬೆಳಿಗ್ಗೆ

ಅವರ ಶವದ ಹಿಂದೆ ಅಷ್ಟೊಂದು ಜನ ಬಂದದ್ದು ನನಗೆ ಇಷ್ಟವಾಗಲಿಲ್ಲ. ಸಾವಿನ ಮನೆಯ ಮುಂದೆ ನಿಂತು ಹೀಗೆಲ್ಲ ಯೋಚಿಸಬಾರದು ಎಂದು ನನಗೂ ಗೊತ್ತು. ಆದರೆ ಕಮ್ಮನಹಳ್ಳಿಯ ಆ ಇಕ್ಕಟ್ಟಿನ ಗಲ್ಲಿಯಲ್ಲಿ ಹೂವು ಮಾರುವವರು, ಆಟೋದವರು, ಬುರ್ಖಾ ಹಾಕಿದ ಹೆಂಗಸರು, ಗಾರೆ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದವರು ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತದ್ದನ್ನು ನೋಡಿದಾಗ ಮೊದಲು ಮನಸ್ಸಿಗೆ ಬಂದದ್ದು ಇದೇ: ನಾನು ಸತ್ತರೆ ಯಾರು ಬರುತ್ತಾರೆ? ನನ್ನ ಗುಮಾಸ್ತ ಬರುತ್ತಾನೆ. ವಕೀಲರ ಸಂಘದಿಂದ ಒಂದು ಹಾರ ಬರುತ್ತದೆ. ಕಕ್ಷಿದಾರರು ಬರುವುದಿಲ್ಲ, ಬಂದರೂ ಫೈಲು ವಾಪಸು ಕೇಳಲು ಬಂದಿರುತ್ತಾರೆ.

ಅವರ ಮನೆಯವರು ಬೌದ್ಧರು. ಒಳಗೆ ಬಿಳಿ ಸೀರೆಯುಟ್ಟ ಹೆಂಗಸರು ತಗ್ಗಿದ ದನಿಯಲ್ಲಿ ಬುದ್ಧವಂದನೆ ಹೇಳುತ್ತಿದ್ದರು. ಹೊರಗೆ ನಿಂತವರು ತಮಗೆ ಗೊತ್ತಿದ್ದ ದೇವರನ್ನು ತಮಗೆ ಗೊತ್ತಿದ್ದ ಭಾಷೆಯಲ್ಲಿ ಕೇಳಿಕೊಳ್ಳುತ್ತಿದ್ದರು. ನಾನು ಯಾರನ್ನೂ ಏನೂ ಕೇಳಿಕೊಳ್ಳಲಿಲ್ಲ. ಗೋಡೆಗೊರಗಿ ನಿಂತು ಜನರನ್ನು ನೋಡುತ್ತಿದ್ದೆ, ಅಷ್ಟೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಕಕ್ಷಿದಾರರಲ್ಲೇ ಹೆಚ್ಚಿನವರಿಗೆ ಅದು ಗೊತ್ತಿರಲಿಲ್ಲ. ಎಂ.ಜಿ. ರಸ್ತೆಯ ತುದಿಯಲ್ಲಿ ನಮ್ಮ ಸಿವಿಲ್ ಕೋರ್ಟುಗಳಿದ್ದ ಕಟ್ಟಡದ ಹಿಂದೆ ಒಂದು ಹೊಂಗೆ ಮರವಿತ್ತು. ಅದರ ಕೆಳಗೆ ತಮ್ಮ ಹಳೆಯ ಹಸಿರು ಮೊಪೆಡ್ ನಿಲ್ಲಿಸಿ, ಅದರ ಸೀಟಿನ ಮೇಲೆ ಒಂದು ಕಾಲು ಮಡಿಚಿ ಕೂತು ಅವರು ಜನರ ಕಷ್ಟ ಕೇಳುತ್ತಿದ್ದರು. ಹಾಗಾಗಿ ಕನ್ನಡದವರಿಗೆ ಅವರು 'ಮರದಡಿ ಸಾರ್'. ಹಲಸೂರಿನ ತಮಿಳರಿಗೆ 'ಮರತ್ತಡಿ ವಕ್ಕೀಲ್'. ಶಿವಾಜಿನಗರದವರಿಗೆ 'ಝಾಡ್ ಕೆ ನೀಚೆ ಕೆ ವಕೀಲ್ ಸಾಬ್'. ಮೂರು ಭಾಷೆಯಲ್ಲಿ ಅಡ್ಡಹೆಸರು! ಮೂವತ್ತು ವರ್ಷ ಕರಿಕೋಟು ಹಾಕಿಕೊಂಡು ಬೆವರಿದ ನನಗೆ ಒಂದು ಭಾಷೆಯಲ್ಲೂ ಅಡ್ಡಹೆಸರು ಹುಟ್ಟಲಿಲ್ಲ.

ನಾವಿಬ್ಬರೂ ವಕೀಲಿಕೆಯ ಸನದು ಪಡೆದದ್ದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ತೊಂಬತ್ತರ ದಶಕದ ನಡುವಿನಲ್ಲಿ ಉಚಿತ ಕಾನೂನು ನೆರವಿನ ಏರ್ಪಾಡು ನಮ್ಮ ಕೋರ್ಟಿಗೂ ಬಂತು. ಬಡವರಿಗೆ, ಹೆಂಗಸರಿಗೆ, ದಲಿತರಿಗೆ, ಅಂಗವಿಕಲರಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ, ಅವರು ಫೀಸು ಕೊಡಬೇಕಿಲ್ಲ. ಅದಕ್ಕೆ ಒಪ್ಪಿದ ವಕೀಲರದ್ದೊಂದು ಪ್ಯಾನಲ್ ಆಯಿತು, ಇವರೂ ಹೆಸರು ಕೊಟ್ಟರು. ಅವರಿಗೆ ಮೊದಲ ಮಹಡಿಯಲ್ಲಿ ಒಂದು ಕೋಣೆ, ಮೇಜು, ಕುಯ್ಯೆನ್ನುವ ಫ್ಯಾನು. ಉಳಿದ ಪ್ಯಾನಲ್ ವಕೀಲರು ಆ ಕೋಣೆಯಲ್ಲಿ ಕೂತು ಜನರಿಗಾಗಿ ಕಾದರು. ಜನ ಬರಲಿಲ್ಲ. ಇವರು ಎರಡು ವಾರ ಕೂತು, ಒಂದು ದಿನ ಕೆಳಗಿಳಿದು ಮೆಟ್ಟಿಲ ಬಳಿ ನಿಂತು ನೋಡಿದರಂತೆ. ಹೆಂಗಸರು ಗೇಟಿನ ತನಕ ಬರುತ್ತಿದ್ದರು, ಮೆಟ್ಟಿಲ ಮೇಲೆ ಸಾಲಾಗಿ ನಿಂತ ನಮ್ಮ ಕರಿಕೋಟುಗಳನ್ನು ನೋಡಿ ಹಾಗೇ ತಿರುಗಿ ಹೋಗುತ್ತಿದ್ದರು. ಮಾರನೆಯ ದಿನದಿಂದ ಅವರು ಮರದ ಕೆಳಗೆ ಕೂತರು. ಕೋಟು ಬಿಚ್ಚಿ ಮೊಪೆಡ್ಡಿನ ಹ್ಯಾಂಡಲ್ಲಿಗೆ ಹಾಕುತ್ತಿದ್ದರು, ಕತ್ತಿನ ಬಿಳಿ ಬ್ಯಾಂಡು ಬಿಚ್ಚಿ ಅಂಗಿ ಜೇಬಿಗೆ ತುರುಕುತ್ತಿದ್ದರು. ಕೋರ್ಟಿನೊಳಗೆ ಕರೆಬಂದಾಗ ಮಾತ್ರ ಎರಡನ್ನೂ ಏರಿಸಿಕೊಂಡು ಓಡುತ್ತಿದ್ದರು.

ಓಡುವ ಮುಂಚೆ ಇನ್ನೊಂದು ಕೆಲಸವಿತ್ತು. ಪಕ್ಕದಲ್ಲಿ ಬಿಸಿಲಿಗೆ ನಿಂತ ನನ್ನ ಸ್ಕೂಟರಿನ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುವುದು. ತಮ್ಮ ಕೂದಲಿನ ಮೇಲೆ ಅವರಿಗೆ ಬಹಳ ಅಭಿಮಾನ. ಮೀಸೆಗೆ ಬಣ್ಣ ಹಾಕುತ್ತಿದ್ದರು, ಹಾಕಿದ್ದು ಎಲ್ಲರಿಗೂ ಕಾಣುತ್ತಿತ್ತು. ಇಂಗ್ಲಿಷು ಕುಂಟುತ್ತಿತ್ತು. ಪಾಟೀಸವಾಲು ಎಷ್ಟು ನಿಧಾನವೆಂದರೆ ಸಾಕ್ಷಿಯೇ ಆಕಳಿಸುತ್ತಿದ್ದ. ನನ್ನ ಕಾನೂನು ಪುಸ್ತಕ ಎರವಲು ಪಡೆದು ಪುಳಿಯೋಗರೆಯ ಎಣ್ಣೆ ಮೆತ್ತಿ ವಾಪಸು ಕೊಡುತ್ತಿದ್ದರು. ಇವನ್ನೆಲ್ಲ ನಾನು ಮನಸ್ಸಿನಲ್ಲೇ ಜೋಪಾನವಾಗಿ ಕೂಡಿಟ್ಟುಕೊಂಡಿದ್ದೆ. ಹೊಟ್ಟೆಕಿಚ್ಚಿನವನಿಗೆ ಎದುರಿನವರ ದೋಷಗಳೇ ಆಸ್ತಿ.

ಹೊಟ್ಟೆಕಿಚ್ಚು ಶುರುವಾದದ್ದು ಹಲಸೂರಿನ ಒಂದು ವಠಾರದ ಕೇಸಿನಲ್ಲಿ. ನಾನು ಮಾಲೀಕನ ಪರ. ಅವನಿಗೆ ವಠಾರ ಕೆಡವಿ ಹೊಸ ಕಟ್ಟಡ ಎಬ್ಬಿಸಬೇಕಿತ್ತು. ಎಲ್ಲರೂ ಖಾಲಿ ಮಾಡಿದ್ದರು, ಹೂವು ಕಟ್ಟಿ ಮಾರುವ ಒಬ್ಬ ಅಜ್ಜಿ ಮಾತ್ರ ಅಲುಗಿರಲಿಲ್ಲ. ಅಜ್ಜಿಯ ಪರ ಇವರು. ನಾನು ಅಲ್ಲಿಯ ತನಕ ಬರೆದ ಎಲ್ಲಕ್ಕಿಂತ ಒಳ್ಳೆಯ ವಾದವನ್ನು ಆ ಕೇಸಿಗೆ ಸಿದ್ಧಮಾಡಿಕೊಂಡಿದ್ದೆ. ಹೈಕೋರ್ಟಿನ ತೀರ್ಪುಗಳಿಗೆಲ್ಲ ಕಾಗದದ ಚೂರು ಸಿಕ್ಕಿಸಿ ಸಾಲಾಗಿ ಜೋಡಿಸಿ ತಂದಿದ್ದೆ. ಕೇಸು ಕರೆಯುವ ಮುಂಚೆ ಇವರು ಅಜ್ಜಿಯನ್ನು ಕರೆದುಕೊಂಡು ನನ್ನ ಬಳಿಗೇ ಬಂದರು.

"ಸಾರ್, ಒಂದು ನಿಮಿಷ. ಅಜ್ಜೀನ ಒಂದು ಮಾತು ಕೇಳಿದೆ. ಈ ಕೇಸು ಗೆದ್ದ ಮಾರನೇ ದಿನ ಬೆಳಗ್ಗೆ ಎದ್ದು ಏನ್ ಮಾಡ್ತೀರಿ ಅಂತ."

"ಏನಂದ್ರು?" ಎಂದೆ, ಬೇಸರದಿಂದ.

ಅಜ್ಜಿಯೇ ಹೇಳಿದಳು: "ಏನ್ ಮಾಡ್ತೀನಪ್ಪ, ಎದ್ದು ನಲ್ಲೀಲಿ ನೀರು ಹಿಡೀತೀನಿ. ಹೂವಿಗೆ ಚಿಮುಕಿಸ್ಬೇಕಲ್ಲ. ಇಲ್ದಿದ್ರೆ ಬಾಡೋಗುತ್ತೆ."

"ನೋಡಿ ಸಾರ್, ಇವರಿಗೆ ಮನೆ ಬೇಕಾಗಿಲ್ಲ, ನಲ್ಲಿ ಬೇಕು," ಎಂದರು ಇವರು. "ಹೊಸ ಕಟ್ಟಡದಲ್ಲಿ ನಲ್ಲಿ ಪಕ್ಕ ಒಂದು ರೂಮು ಬಾಡಿಗೆಗೆ ಕೊಡ್ತಾರಾ ಕೇಳಿ. ಅಲ್ಲೀವರೆಗೂ ಮಗಳ ಮನೇಲಿ ಇರ್ತಾರಂತೆ."

ನನ್ನ ಕಕ್ಷಿದಾರ ಪಕ್ಕದಲ್ಲೇ ಇದ್ದ. ನಾನು ಬಾಯಿ ತೆರೆಯುವ ಮುಂಚೆಯೇ, "ಅಷ್ಟೇನಾ? ಕೊಟ್ಟೆ ಬಿಡಿ ಸಾರ್!" ಎಂದುಬಿಟ್ಟ. ರಾಜಿ ಬರೆದು, ನ್ಯಾಯಾಧೀಶರ ಮುಂದೆ ಇಬ್ಬರೂ ಒಪ್ಪಿ, ಎಲ್ಲ ಊಟದ ಹೊತ್ತಿಗೆ ಮುಗಿಯಿತು. ನನ್ನ ವಾದ ಚೀಲದಲ್ಲೇ ಉಳಿಯಿತು. ಅದಾದರೂ ಹೋಗಲಿ, ಹೊರಗೆ ಬಂದ ನನ್ನ ಕಕ್ಷಿದಾರ ನನ್ನ ಕೈ ಬಿಟ್ಟು ಅವರ ಕೈ ಕುಲುಕಿದ. ನನ್ನ ಕಡೆ ತಿರುಗಿ, "ಎಷ್ಟು ಒಳ್ಳೇ ಮನುಷ್ಯ ಸಾರ್, ಅಲ್ವಾ?" ಎಂದ. ಹೌದು ಎಂದೆ.

ಅವರ ವಕೀಲಿಕೆಯ ಗುಟ್ಟು ಇಷ್ಟೇ. ನಾವೆಲ್ಲ ಬಂದವರನ್ನು "ಏನಾಯ್ತು?" ಎಂದು ಕೇಳುತ್ತೇವೆ. ಅವರೂ ಕೇಳುತ್ತಿದ್ದರು, ಆದರೆ ಆಮೇಲೆ. ಮೊದಲ ಪ್ರಶ್ನೆ ಯಾವಾಗಲೂ ಆ ಮಾರನೆಯ ಬೆಳಿಗ್ಗೆಯದು. ಜನ ತಬ್ಬಿಬ್ಬಾಗುತ್ತಿದ್ದರು. ಕೆಲವರು ಅಳುತ್ತಿದ್ದರು, ಏಕೆಂದರೆ ಜಗಳ ಮುಗಿದ ಮೇಲೂ ಒಂದು ಬೆಳಿಗ್ಗೆ ಇದೆ ಎಂಬುದೇ ಅವರಿಗೆ ಮರೆತುಹೋಗಿರುತ್ತಿತ್ತು. ಗಂಡ ಬಿಟ್ಟವಳು ಜೀವನಾಂಶ ಕೇಳಲು ಬಂದು, "ಬೆಳಗ್ಗೆ ಎದ್ದು ಮಗೂನ ಅದೇ ಸ್ಕೂಲಿಗೆ ಬಿಡ್ತೀನಿ" ಎನ್ನುತ್ತಿದ್ದಳು. ಆಗ ಅವರು ಅರ್ಜಿಯಲ್ಲಿ ಮೊದಲು ಬರೆಯುತ್ತಿದ್ದುದು ಆ ಶಾಲೆಯ ಮಾತು. ಕೋರ್ಟಿನಲ್ಲಿ ಕೇಳುವ ಪರಿಹಾರವನ್ನೆಲ್ಲ ಆ ಬೆಳಿಗ್ಗೆಯಿಂದ ಹಿಂದಕ್ಕೆ ಕಟ್ಟಿಕೊಂಡು ಬರುತ್ತಿದ್ದರು.

ಸೋತದ್ದೂ ಉಂಟು. "ಇಷ್ಟು ಚಿಕ್ಕ ಪರಿಹಾರ ಕೇಳೋಕೆ ಕೋರ್ಟಿಗೆ ಬರ್ಬೇಕಾ?" ಎಂದು ಒಬ್ಬ ನ್ಯಾಯಾಧೀಶರು ತುಂಬಿದ ಕೋರ್ಟಿನಲ್ಲಿ ಗದರಿಸಿದ್ದರು. ಆ ದಿನ ನಾನು ಕ್ಯಾಂಟೀನಿನಲ್ಲಿ ಎರಡು ವಡೆ ಹೆಚ್ಚಿಗೆ ತಿಂದೆ. ಆದರೆ ಸೋತ ದಿನವೂ ಅವರ ಮರದ ಕೆಳಗೆ ಜನ ಕಡಿಮೆಯಾಗಲಿಲ್ಲ. ಸೋತ ಹೆಂಗಸೇ ಮಾರನೆಯ ವಾರ ತನ್ನ ಅತ್ತಿಗೆಯನ್ನು ಕರೆತಂದಳು. ಇದು ಯಾವ ನ್ಯಾಯ?

ಕೊನೆಗೆ ನಾನೂ ಪ್ಯಾನಲ್ಲಿಗೆ ಹೆಸರು ಕೊಟ್ಟೆ. ಸೇವೆ ಮಾಡಬೇಕೆಂದೇನಲ್ಲ, ಮರದ ಕೆಳಗೆ ಅಂಥದ್ದೇನಿದೆ ನೋಡೋಣ ಎಂದು. ಕಚೇರಿಯವರು ಒಬ್ಬ ಪೇಂಟರನ್ನು ನನಗೆ ಒಪ್ಪಿಸಿದರು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬೇಜಾರ್ ಮಾಡ್ಕೋಬೇಡಿ ಸಾರ್, ನಂಗೆ ಮರದಡಿ ಸಾರೇ ಆಗ್ಬೇಕು. ಕಾಯ್ತೀನಿ ಪರವಾಗಿಲ್ಲ," ಎಂದ. ಫೀಸು ಪಡೆಯದೆ ಕೆಲಸ ಮಾಡುತ್ತೇನೆಂದರೂ ನಾನು ಬೇಡ. ಪುಕ್ಕಟೆ ಸಿಕ್ಕರೂ ಬೇಡವಾಗುವುದು ಎಂದರೇನು ಎಂದು ಅವತ್ತು ಗೊತ್ತಾಯಿತು. ಆ ವರ್ಷ ಮುಗಿಯುವುದರೊಳಗೆ ಹೆಸರು ವಾಪಸು ಪಡೆದೆ.

ಆ ಪ್ರಶ್ನೆಯನ್ನು ಕದ್ದದ್ದೂ ಆಯಿತು. ಆಗ ಇಂದಿರಾನಗರದ ಒಬ್ಬ ನಿವೃತ್ತ ಅಧಿಕಾರಿ ತಮ್ಮನ ಮೇಲೆ ಕಾಂಪೌಂಡ್ ಗೋಡೆಯ ವ್ಯಾಜ್ಯ ಹೂಡಿದ್ದರು. ಕುಕ್ ಟೌನಿನಲ್ಲಿ, ಒಂದು ಹಳೆಯ ಬಂಗಲೆಯ ಔಟ್‌ಹೌಸಿನಲ್ಲಿ ನನ್ನ ಆಫೀಸು. ಅವರನ್ನು ಕೂರಿಸಿ, ಕಾಫಿ ತರಿಸಿ, ದನಿ ತಗ್ಗಿಸಿ ಕೇಳಿದೆ: "ಸಾರ್, ಈ ಕೇಸು ಗೆದ್ದ ಮಾರನೇ ದಿನ ಬೆಳಗ್ಗೆ ಎದ್ದು ಏನು ಮಾಡ್ತೀರಿ?"

"ವಾಕಿಂಗ್ ಹೋಗ್ತೀನಿ," ಎಂದರು ಅವರು. ಆಮೇಲೆ ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿ, "ಯಾಕ್ರೀ? ಕೇಸು ವೀಕಾ?" ಎಂದರು. ತಿಂಗಳೊಳಗೆ ಫೈಲು ಬೇರೆ ವಕೀಲರ ಬಳಿ ಹೋಯಿತು.

ಇದನ್ನು ತಮಾಷೆಯಾಗಿ ಅವರಿಗೇ ಹೇಳಿದೆ. ಅವರು ಮೊಪೆಡ್ಡಿನ ಮೇಲೆ ಕೂತಲ್ಲೇ ಅಲುಗಾಡಿ ನಕ್ಕರು. "ಅಲ್ಲ ಸಾರ್, ಅದನ್ನ ಕೇಳ್ಬಿಟ್ಟು ಸುಮ್ನೆ ಇರ್ಬೇಕು. ನೀವು ಕೇಳಿ ವಾಚ್ ನೋಡಿರ್ತೀರ."

ನೋಡಿದ್ದೆ. ಅದು ಅವರಿಗೆ ಹೇಗೆ ಗೊತ್ತಾಯಿತೋ.

ಇಲ್ಲಿಯ ತನಕ ಹೇಳಿದ್ದು ಸಹೋದ್ಯೋಗಿಗಳ ನಡುವಿನ ಹೊಟ್ಟೆಕಿಚ್ಚು. ಅದು ಸಹಜ, ಕೋರ್ಟಿನ ಕಂಬಗಳಿಗೂ ಇರುತ್ತದೆ. ನಿಜವಾಗಿ ಬೆಂಕಿ ಬಿದ್ದದ್ದು ನನ್ನ ಅಕ್ಕನ ವಿಷಯದಲ್ಲಿ.

ನನಗೆ ಇರುವವಳು ಒಬ್ಬಳೇ ಅಕ್ಕ. ಅಮ್ಮ ಬೇಗ ಹೋದದ್ದರಿಂದ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳು. ನಾನು ಮೊದಲ ದಿನ ಕೋರ್ಟಿಗೆ ಹೋದಾಗ ಕತ್ತಿಗೆ ಕಟ್ಟಿದ ಬಿಳಿ ಬ್ಯಾಂಡು ಅವಳು ಹೊಲಿದದ್ದು. ಜೋಗುಪಾಳ್ಯದಲ್ಲಿ ಅವಳ ಮಾವ ಕಟ್ಟಿಸಿದ ಮನೆ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಗಿರಾಕಿಗಳು ಒಳಗೆ ಬರುತ್ತಿರಲಿಲ್ಲ, ಕಿಟಕಿಯಲ್ಲೇ ಬಟ್ಟೆ ಕೊಟ್ಟು ಕಿಟಕಿಯಲ್ಲೇ ತೆಗೆದುಕೊಂಡು ಹೋಗುತ್ತಿದ್ದರು. ಭಾವ ತೀರಿಕೊಂಡ ಮೇಲೆ ಅವಳ ಮೈದುನ ಆ ಕೋಣೆಗೆ ಶಟರ್ ಹಾಕಿಸಿ ಮೊಬೈಲ್ ಅಂಗಡಿಗೆ ಬಾಡಿಗೆಗೆ ಕೊಡಬೇಕೆಂದು ಹೊರಟ. ಅಕ್ಕ ಹಿಂದಿನ ಕತ್ತಲೆ ಕೋಣೆಗೆ ಹೋಗಬೇಕಂತೆ.

ನಾನು ಕೆಂಡವಾದೆ. "ಅಕ್ಕ, ಸುಮ್ನಿರು. ಪಾರ್ಟಿಷನ್ ಸೂಟ್ ಹಾಕ್ತೀನಿ. ಭಾವನ ಪಾಲು ಪೂರ್ತಿ ನಿಂಗೆ ಬರುತ್ತೆ. ಮೈದುನನ್ನ ಕೋರ್ಟು ಮೆಟ್ಟಿಲು ಹತ್ತಿಸಿ ಇಳಿಸ್ತೀನಿ," ಎಂದೆ. ದಾವಾ ಪತ್ರವನ್ನು ನಾನೇ ಕೂತು ಬರೆದೆ. ಮೈದುನ ಮೊದಲನೇ ಪ್ರತಿವಾದಿ, ಊರಿನಲ್ಲಿದ್ದ ನಾದಿನಿ ಎರಡನೆಯವಳು, ಮೈದುನನ ಹೆಂಡತಿ ಮೂರನೆಯವಳು. ಅಕ್ಕ ಓದಿದಳು. ಮಡಿಚಿ ಹೊಲಿಗೆ ಯಂತ್ರದ ಡ್ರಾಯರಿನಲ್ಲಿಟ್ಟು, "ನೋಡೋಣ ಕಣೋ," ಎಂದಳು. ಸಹಿ ಹಾಕಲಿಲ್ಲ. ಹೆದರಿದ್ದಾಳೆ, ಬರುತ್ತಾಳೆ ಬಿಡು ಎಂದುಕೊಂಡೆ.

ಬಂದಳು. ಒಂದು ಸೋಮವಾರ ಬೆಳಿಗ್ಗೆ ಸ್ಕೂಟರ್ ನಿಲ್ಲಿಸಲು ಕೋರ್ಟಿನ ಹಿಂದೆ ಹೋದರೆ ಹೊಂಗೆ ಮರದ ಕೆಳಗೆ, ಕಲ್ಲಿನ ಮೇಲೆ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ನನ್ನ ಅಕ್ಕ ಕೂತಿದ್ದಾಳೆ. ಮುಂದೆ ಇಬ್ಬರು, ಹಿಂದೆ ನಾಲ್ವರು. ಸಾಲಿನಲ್ಲಿದ್ದಾಳೆ! ಸ್ವಂತ ತಮ್ಮ ವಕೀಲನಾಗಿರುವಾಗ ಪುಕ್ಕಟೆ ವಕೀಲರ ಸಾಲಿನಲ್ಲಿ ನನ್ನ ಅಕ್ಕ!

ಮೊಪೆಡ್ಡಿನ ಮೇಲಿದ್ದವರು ನನ್ನನ್ನು ನೋಡಿ ಎದ್ದು ನಿಂತರು. "ಸಾರ್, ಇವರು ಹೋದ ವಾರ ಬಂದಾಗ್ಲೇ ನಿಮ್ಮ ಹತ್ರ ಹೋಗಿ ಅಂತ ಹೇಳ್ದೆ. ಮತ್ತೆ ಇಲ್ಲಿಗೇ ಬಂದಿದ್ದಾರೆ. ನೀವು ಬೇಡ ಅಂದ್ರೆ ನಾನು ತಗೊಳ್ಳಲ್ಲ," ಎಂದರು.

ಅಕ್ಕನ ಹತ್ತಿರ ಬಗ್ಗಿ, ಯಾರಿಗೂ ಕೇಳದ ಹಾಗೆ, "ಏನಕ್ಕ ಇದು? ನನ್ನ ಮಾನ ತೆಗೀತೀಯಲ್ಲ. ಬಡವರಿಗೆ ಅಂತ ಇರೋದು ಇದು," ಎಂದೆ.

"ಹೆಂಗಸ್ರು ಯಾರು ಬೇಕಾದ್ರೂ ಬರಬಹುದಂತೆ. ದುಡ್ಡಿದ್ರೂ ಬರಬಹುದಂತೆ. ಕೇಳ್ಕೊಂಡೇ ಬಂದಿದೀನಿ," ಎಂದಳು.

ಅದು ನಿಜ. ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯದ ಮಿತಿಯಿಲ್ಲ. ಅಕ್ಕ ನನಗೇ ಕಾಯ್ದೆ ಹೇಳುತ್ತಿದ್ದಳು.

"ನಾನು ಇಲ್ವಾ ಅಕ್ಕ?"

"ನೀನು ಪಾಲು ಕೊಡಿಸ್ತೀನಿ ಅಂದೆ ಕಣೋ. ಪಾಲು ಇಟ್ಕೊಂಡು ನಾನೇನ್ ಮಾಡ್ಲಿ? ಮನೆ ಮಾರಿ ಹಂಚ್ತಾರೆ, ಆಮೇಲೆ ಎಲ್ಲೋ ಮೂರನೇ ಮಹಡೀಲಿ ರೂಮ್ ಹಿಡಿದು ಕೂತ್ಕೋಬೇಕು. ಅಲ್ಲಿಗೆ ಯಾರು ರವಿಕೆ ತರ್ತಾರೆ? ಇವರು ಕೇಳಿದ್ರು, ಗೆದ್ದ ಮಾರನೇ ದಿನ ಬೆಳಗ್ಗೆ ಏನ್ ಮಾಡ್ತೀರಿ ಅಂತ. ಕಿಟಕಿ ತೆಗೀತೀನಿ, ನನ್ನ ವಾರಗಿತ್ತಿ ಕಾಫಿ ತಂದುಕೊಡ್ತಾಳೆ, ಕುಡಿದು ಮಿಷನ್‌ಗೆ ಎಣ್ಣೆ ಬಿಡ್ತೀನಿ ಅಂದೆ. ಅವಳು ದಿನಾ ತಂದುಕೊಡ್ತಾಳೆ ಕಣೋ, ಮದುವೆಯಾಗಿ ಬಂದಾಗಿಂದ. ನೀನು ಅವಳ ಹೆಸರನ್ನೂ ಅದ್ರಲ್ಲಿ ಬರ್ದಿದ್ದೆ."

ಮೂರನೇ ಪ್ರತಿವಾದಿ. ಬರೆಯದೆ ಹೇಗೆ? ಮನೆಯಲ್ಲಿ ವಾಸವಿರುವವರನ್ನೆಲ್ಲ ಸೇರಿಸಿಕೊಂಡರೆ ಮುಂದೆ ತಕರಾರು ಬರುವುದಿಲ್ಲ. ವಕೀಲನಾಗಿ ನಾನು ಮಾಡಿದ್ದು ಸರಿ, ಇವತ್ತಿಗೂ ಸರಿ ಎಂದೇ ಹೇಳುತ್ತೇನೆ. ಕಾಫಿಯ ವಿಷಯ ನನಗೆ ಯಾರೂ ಹೇಳಿರಲಿಲ್ಲ.

"ತಗೊಳ್ಳಿ ಸಾರ್, ಪರವಾಗಿಲ್ಲ," ಎಂದು ಅವರಿಗೆ ಹೇಳಿ ಮೆಟ್ಟಿಲು ಹತ್ತಿದೆ. ಆ ದಿನ ಎರಡು ಕೇಸಿನಲ್ಲಿ ಏನು ವಾದಿಸಿದೆನೋ ನೆನಪಿಲ್ಲ. ತಾಯಿಯ ಕೈಬಿಟ್ಟು ಮಗು ಪಕ್ಕದ ಮನೆಯವರ ಕೈ ಹಿಡಿದರೆ ತಾಯಿಗೆ ಹೇಗಾಗುತ್ತದೋ, ಹಾಗಾಗಿತ್ತು. ಇಲ್ಲಿ ಕೈಬಿಟ್ಟವಳು ನನ್ನನ್ನು ಬೆಳೆಸಿದವಳು.

ಅವರು ದಾವೆ ಹೂಡಲೇ ಇಲ್ಲ. ಜೋಗುಪಾಳ್ಯಕ್ಕೆ ಹೋಗಿ, ಮೈದುನನನ್ನು ಕೂರಿಸಿಕೊಂಡು, ಅವನನ್ನೂ ಅದೇ ಪ್ರಶ್ನೆ ಕೇಳಿದರಂತೆ. ಅವನು ಅಂಗಡಿಯ ಬಾಡಿಗೆ ಬಂದರೆ ಮಗಳ ಓದಿಗಾಗುತ್ತದೆ ಎಂದನಂತೆ. ಮನೆಯ ಪಕ್ಕಕ್ಕೆ ಸ್ಕೂಟರ್ ನಿಲ್ಲಿಸುವ ಓಣಿಯೊಂದಿತ್ತು. ಅದಕ್ಕೇ ಶಟರ್ ಹಾಕಿದರೆ ಮೊಬೈಲ್ ಅಂಗಡಿಗೆ ಧಾರಾಳವಾಯಿತು. ಅಷ್ಟು ವರ್ಷ ಆ ಮನೆಗೆ ಹೋಗಿ ಬಂದ ನಾನು ಅದೇ ಓಣಿಯಲ್ಲೇ ಸ್ಕೂಟರ್ ನಿಲ್ಲಿಸುತ್ತಿದ್ದೆ. ಮುಂದಿನ ಕೋಣೆ ಅಕ್ಕನದ್ದು, ಓಣಿ ಮೈದುನನದ್ದು ಎಂದು ಬರೆದು, ಊರಿನ ನಾದಿನಿಯ ಸಹಿಯನ್ನೂ ಹಾಕಿಸಿ, ಲೋಕ ಅದಾಲತ್ತಿನಲ್ಲಿ ಇಟ್ಟರು. ಅಲ್ಲಿ ರಾಜಿಯಾದದ್ದಕ್ಕೆ ಕೋರ್ಟಿನ ತೀರ್ಪಿನಷ್ಟೇ ಬೆಲೆ, ಮೇಲೆ ಅಪೀಲೂ ಇಲ್ಲ. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ, ಕೋಟಿಲ್ಲದೆ, ಪಾರ್ಟಿಯ ತಮ್ಮನಾಗಿ. ನ್ಯಾಯಾಧೀಶರು ಕೇಳಿದ್ದಕ್ಕೆಲ್ಲ ಅಕ್ಕ ತಾನೇ ಉತ್ತರ ಕೊಟ್ಟಳು. ಇವರು ಪಕ್ಕದಲ್ಲಿ ನಿಂತು ಮೀಸೆ ಸವರಿಕೊಳ್ಳುತ್ತಿದ್ದರು.

ಮಾರನೆಯ ಬೆಳಿಗ್ಗೆ ಕುತೂಹಲ ತಡೆಯಲಾರದೆ ಜೋಗುಪಾಳ್ಯಕ್ಕೆ ಹೋದೆ. ಕಿಟಕಿ ತೆರೆದಿತ್ತು. ಅಕ್ಕ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಮೂರನೇ ಪ್ರತಿವಾದಿ ಕಾಫಿ ತಂದಳು, ನನಗೂ ಒಂದು ಲೋಟ ಕೊಟ್ಟಳು. ಕಾಫಿ ಚೆನ್ನಾಗಿತ್ತು. ಅದೂ ನನಗೆ ಸಂಕಟವೇ ಆಯಿತು.

ಇನ್ನೊಂದನ್ನು ಹೇಳದಿದ್ದರೆ ನನ್ನ ಕತೆ ಪೂರ್ತಿಯಾಗುವುದಿಲ್ಲ. ಅದಾಗಿ ಒಂದು ತಿಂಗಳಿಗೆ ಅವರ ಕತ್ತಿನಲ್ಲಿ ಹೊಸ ಬ್ಯಾಂಡು ಕಂಡೆ. ಅಲ್ಲಿಯ ತನಕ ಅವರ ಬ್ಯಾಂಡು ಹಳದಿ ತಿರುಗಿ ಮುದುರಿರುತ್ತಿತ್ತು. ಇದು ಬೆಳ್ಳಗೆ, ಗರಿಗರಿಯಾಗಿ, ಅಂಚಿನಲ್ಲಿ ಎರಡೆಳೆ ಒತ್ತು ಹೊಲಿಗೆ. ಅಕ್ಕನ ಹೊಲಿಗೆ ನನಗೆ ತಿಳಿಯದೆ? ನನ್ನ ಸ್ಕೂಟರಿನ ಕನ್ನಡಿಯಲ್ಲೇ ಅದನ್ನು ಸರಿಮಾಡಿಕೊಂಡರು. "ಚೆನ್ನಾಗಿದೆ ಅಲ್ವಾ ಸಾರ್?" ಎಂದು ಬೇರೆ ಕೇಳಿದರು. ಅಂದಿನಿಂದ ನನ್ನ ಸ್ಕೂಟರನ್ನು ಮುಂದಿನ ಗೇಟಿನ ಹತ್ತಿರ ನಿಲ್ಲಿಸತೊಡಗಿದೆ. ಆಮೇಲೆ ಕಾರು ಕೊಂಡೆ. ಮರದ ಕಡೆ ಹೋಗುವ ಪ್ರಸಂಗವೇ ತಪ್ಪಿತು. ಕಾರಿಡಾರಿನಲ್ಲಿ ಎದುರಾದರೆ ನಮಸ್ಕಾರ, ಅಷ್ಟೆ. ಹೀಗೆ ವರ್ಷಗಳು ಹೋದವು.

ಅವರಿಗೆ ಕಾಯಿಲೆ ಎಂದು ಹೇಳಿದ್ದೂ ಅಕ್ಕನೇ. "ಹೋಗಿ ನೋಡ್ಕೊಂಡು ಬಾರೋ," ಎಂದು ಹಣ್ಣಿನ ಚೀಲ ಕೈಗೆ ಕೊಟ್ಟಳು. ಕಮ್ಮನಹಳ್ಳಿಯ ಬಾಡಿಗೆ ಮನೆ, ಮುಖ್ಯರಸ್ತೆಯ ತಿಂಡಿ ಅಂಗಡಿಗಳ ಸದ್ದು ಮಹಡಿಯ ತನಕ ಕೇಳುತ್ತಿತ್ತು. ಗೋಡೆಯ ಮೇಲೆ ಕಣ್ಣು ಮುಚ್ಚಿ ಕೂತ ಬುದ್ಧನ ಪಟ. ಅವರು ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಕೂದಲೆಲ್ಲ ಹೋಗಿತ್ತು. ಮೀಸೆ ಮಾತ್ರ ಕಪ್ಪಗಿತ್ತು. ಆ ಸ್ಥಿತಿಯಲ್ಲೂ ಬಣ್ಣ ಹಾಕಿಸಿಕೊಂಡಿದ್ದರು.

ಕೋರ್ಟಿನ ಸುದ್ದಿ ಮಾತಾಡಿದೆವು. ಯಾರು ಜಡ್ಜಾದರು, ಯಾರು ಊರು ಬಿಟ್ಟರು, ಕ್ಯಾಂಟೀನಿನ ವಡೆ ಎಷ್ಟು ಸಣ್ಣದಾಯಿತು. ನಾನು ಹೊರಡಲು ಎದ್ದಾಗ ಅವರು, "ಸಾರ್, ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ," ಎಂದರು.

"ಕೇಳಿ ಸಾರ್."

"ನನ್ನನ್ನ ಸೋಲಿಸಿದ ಮಾರನೇ ದಿನ ಬೆಳಗ್ಗೆ ಎದ್ದು ಏನ್ ಮಾಡ್ತೀರಿ?"

ಕೇಳಿ ಸುಮ್ಮನಾದರು. ರಸ್ತೆಯಲ್ಲಿ ಬಸ್ಸು ಹೋಯಿತು, ಅಂಗಡಿಯವನು ಯಾರನ್ನೋ ಕೂಗಿದ, ಅವರು ಮಾತ್ರ ನನ್ನ ಮುಖ ನೋಡುತ್ತ ಕೂತೇ ಇದ್ದರು. ಇಷ್ಟು ವರ್ಷ ನಾನು ಒಳಗೊಳಗೇ ಉರಿದದ್ದೆಲ್ಲ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಕನ್ನಡಿಯಲ್ಲಿ ತಲೆ ಬಾಚಿಕೊಂಡಿದ್ದರು. ನನಗೆ ನಾಚಿಕೆಯಾಯಿತು, ಕೋಪ ಬಂತು. ಕೊನೆಗೆ ನಗು ಬಂತು.

"ಮರದ ಕೆಳಗೆ ನಿಮ್ಮ ಜಾಗದಲ್ಲಿ ನನ್ನ ಸ್ಕೂಟರ್ ನಿಲ್ಲಿಸ್ತೀನಿ," ಎಂದೆ.

"ಅಷ್ಟೇನಾ? ಕೊಟ್ಟೆ ಬಿಡಿ ಸಾರ್," ಎಂದರು. ಹಲಸೂರಿನ ನನ್ನ ಕಕ್ಷಿದಾರನ ದನಿಯಲ್ಲೇ ಅಂದರು. ಇಬ್ಬರೂ ನಕ್ಕೆವು. ಅವರಿಗೆ ಕೆಮ್ಮು ಬಂತು, ಅವರ ಹೆಂಡತಿ ನೀರು ತಂದರು, ನಾನು ಹೊರಟೆ. ಅದೇ ಕೊನೆಯ ಭೇಟಿ.

ಕಲ್ಪಳ್ಳಿ ಸ್ಮಶಾನದಿಂದ ಮನೆಗೆ ಬಂದು ಮಲಗಿ ಎದ್ದಾಗ, ಇದೇ ಆ ಬೆಳಿಗ್ಗೆ ಎಂದು ಹೊಳೆಯಿತು. ಇನ್ನು ನನ್ನ ಎದುರಿಗೆ ಅವರಿಲ್ಲ. ಕಾರಿನ ಕೀಲಿಕೈ ಅಲ್ಲೇ ಬಿಟ್ಟು, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಸ್ಕೂಟರನ್ನು ಹೊರಗೆಳೆದೆ. ಕಿಕ್ಕರ್ ಒದ್ದೆ, ಗಾಡಿ ವಾಲಿಸಿ ಒದ್ದೆ, ಎದುರುಮನೆಯವರು ಹೊರಗೆ ಬಂದು ನೋಡುವ ತನಕ ಒದ್ದೆ. ಕೊನೆಗೆ ಹೊಗೆ ಉಗುಳಿ ಎದ್ದಿತು.

ಕೋರ್ಟಿನ ಹಿಂದೆ ಇನ್ನೂ ಯಾರೂ ಬಂದಿರಲಿಲ್ಲ. ಹೊಂಗೆ ಹೂವು ಉದುರಿ ನೆಲ ಬಿಳಿಚಿತ್ತು. ಅವರ ಮೊಪೆಡ್ ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆ ಸುರಿದ ಕಲೆ ಇತ್ತು. ಸರಿಯಾಗಿ ಅದರ ಮೇಲೆಯೇ ಸ್ಕೂಟರ್ ನಿಲ್ಲಿಸಿದೆ. ಹೇಳಿದ ಹಾಗೆ ಮಾಡಿದ್ದಾಯಿತು. ಬೆವರಿದ್ದರಿಂದ ಕೋಟು ಬಿಚ್ಚಿ ಹ್ಯಾಂಡಲ್ಲಿಗೆ ಹಾಕಿ ಸೀಟಿನ ಮೇಲೆ ಕೂತೆ. ನೆರಳು ತಂಪಾಗಿತ್ತು. ಅಷ್ಟು ಒಳ್ಳೆಯ ನೆರಳನ್ನು ಇಷ್ಟು ವರ್ಷ ಅವರೊಬ್ಬರೇ ಅನುಭವಿಸಿದರಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು.

ಆಗ ಗೇಟಿನ ಕಡೆಯಿಂದ ಒಬ್ಬ ಹೆಂಗಸು ಬಂದಳು. ಹಸಿರು ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಕಾಲಿಗೆ ಸಿಮೆಂಟಿನ ಧೂಳು. ಸ್ವಲ್ಪ ದೂರದಲ್ಲೇ ನಿಂತು ಮರವನ್ನು ನೋಡಿದಳು, ಸ್ಕೂಟರನ್ನು ನೋಡಿದಳು, ನನ್ನನ್ನು ನೋಡಿದಳು.

"ಮರದಡಿ ಸಾರ್ ಅಂದ್ರ ನೀವೇ ಏನ್ರೀ?"

ಇಷ್ಟು ವರ್ಷ ಕಾದ ಹೆಸರು. "ಅಲ್ಲಮ್ಮ," ಎಂದೆ.

"ಅವರು ಯಾವಾಗ ಬರ್ತಾರ್ರೀ? ಬರೋತನಾ ಕುಂದರ್ತೀನಿ," ಎಂದು ಅಕ್ಕ ಕೂತಿದ್ದ ಅದೇ ಕಲ್ಲಿನ ಮೇಲೆ ಕೂತುಬಿಟ್ಟಳು.

ಅವರು ಇನ್ನು ಬರುವುದಿಲ್ಲ ಎಂದು ನಾನು ಹೇಳಲಿಲ್ಲ. ಕರಿಕೋಟು ಕಣ್ಣೆದುರೇ ತೂಗುತ್ತಿದ್ದರೂ ಅವಳು ನನ್ನನ್ನು ಏನೂ ಕೇಳಲಿಲ್ಲ. ಸತ್ತವರಿಗಾಗಿ ಕಾಯುತ್ತಾಳೆ, ಬದುಕಿರುವ ನಾನು ಬೇಡ. ಆದರೆ ನನ್ನಿಂದಲೂ ಸುಮ್ಮನೆ ಕೂರಲು ಆಗಲಿಲ್ಲ. "ಏನಾಯ್ತಮ್ಮ," ಎಂದು ಕೇಳಲು ಬಾಯಿ ತೆರೆದವನು ತಡೆದುಕೊಂಡೆ. ವಾಚು ಕಟ್ಟಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

"ಅಮ್ಮ, ನಿಮ್ಮ ಕೇಸು ಏನೇ ಇರ್ಲಿ. ಗೆದ್ದ ಮಾರನೇ ದಿನ ಬೆಳಗ್ಗೆ ಎದ್ದು ಏನ್ ಮಾಡ್ತೀರಿ?"

ಕೇಳಿ ಸುಮ್ಮನಾದೆ. ಅವಳು ಚಕಿತಳಾಗಿ ನೋಡಿದಳು. ನಾನು ಅಲುಗಲಿಲ್ಲ. ಹೂವು ಅವಳ ಸೆರಗಿನ ಮೇಲೆ ಉದುರುತ್ತಿತ್ತು.

"ರೊಟ್ಟಿ ಬಡೀತೀನ್ರೀ," ಎಂದಳು, ಬಹಳ ಹೊತ್ತಿನ ಮೇಲೆ. "ಕೆ.ಆರ್. ಪುರದಾಗ ಬಾಡಿಗಿ ರೂಮ್ ಅದರೀ ನಮ್ದು. ನಾವು ಊರಿಗಿ ಹೋಗಿ ಬರೋದ್ರಾಗ ಮಾಲಕ್ರು ಕೀಲಿ ಹಾಕ್ಯಾರ. ರೊಟ್ಟಿ ಹಂಚು ಒಳಗೇ ಅದ. ಮಕ್ಕಳು ಎಂಟು ದಿನದಿಂದ ಬರೀ ಬ್ರೆಡ್ ತಿನ್ನಾಕತ್ಯಾವು."

ಹ್ಯಾಂಡಲ್ಲಿನಿಂದ ಕೋಟು ತೆಗೆದುಕೊಂಡೆ. "ಬನ್ನಿ, ಮೊದಲು ಬೀಗದ ವಿಷಯ ನೋಡೋಣ," ಎಂದೆ.

ಅವಳು ಎದ್ದಳು. ನಾಲ್ಕು ಹೆಜ್ಜೆ ನಡೆದು ನಿಂತು, ಮರದ ಕಡೆ ತಿರುಗಿ ನೋಡಿದಳು.

"ಸಾರ್ ಬಂದ್ರ ಅವರಿಗೂ ಒಂದು ಮಾತು ಹೇಳ್ರೀ," ಎಂದಳು.

"ಹೇಳ್ತೀನಮ್ಮ," ಎಂದೆ.